ಅಮಾವಾಸ್ಯೆಗೆ ಒಪ್ಪೋ ಎಡಿಷನ್

ನನಗೆ ತಿಂಗಳಿಗೆ ಒಂದೇ ರಜ, ಅಮಾವಾಸ್ಯೆ. ತಮಿಳುನಾಡಲ್ಲಿ, ನಮ್ಮ ಪಲ್ಲಡಂ ಸುತ್ತ ಈಗ ಎಷ್ಟೋ ಶೆಡ್ಡುಗಳಲ್ಲಿ ಅಮಾವಾಸ್ಯೆಗೂ ತರಿ ಓಡ್ತವೆ. ತರಿ ಅಂದ್ರೆ ಮಗ್ಗ, ನಾವು ಕನ್ನಡದೋರೇ ಆದ್ರೂ ತಮಿಳಲ್ಲೇ ಹೇಳಿ ಅಭ್ಯಾಸ. ನಮ್ಮ ಬೀದಿ ಮಾತ್ರ ಹಿಂದಿಂದ ನೇಯೋರ ಬೀದಿ, ಅವತ್ತು ತರಿ ಮುಟ್ಟಂಗಿಲ್ಲ. ಭಾನುವಾರ ಮುಟ್ಟಬಹುದು. ದೀಪಾವಳಿ ಮಾರನೇ ದಿನ ಮುಟ್ಟಬಹುದು. ಹೆಂಡತಿ ಜೊತೆ ಜಗಳ ಆಡಿದ ದಿನ ಮುಟ್ಟಲೇಬೇಕು, ಬೇರೆ ಎಲ್ಲಿ ಹೋಗೋದು. ಅಮಾವಾಸ್ಯೆ ಒಂದು ದಿನ ಕರೆಂಟು ಆಫ್ ಮಾಡಿ, ತಲೆಗೆ ಸ್ನಾನ ಮಾಡಿ, ಅತ್ತೆ ಮನೆ ಪಡಸಾಲೇಲಿ ಕೂತು ಸಾಯಂಕಾಲದವರೆಗೂ ಗುಹೆ ಆಟ ಆಡ್ತೀನಿ. ಹೋದ ವರ್ಷ ಆ ಒಂದು ದಿನವೂ ಕೈ ಬಿಟ್ಟು ಹೋಗೋದರಲ್ಲಿತ್ತು. ಕಾರಣ, ನನ್ನ ಮೈದುನ ಆಟಕ್ಕೆ ಹೊಸ ಎಡಿಷನ್ ತಂದ.

ಗುಹೆ ಆಟ ಅನ್ನೋದು ನಾವಿಟ್ಟ ಹೆಸರು. ಇಂಗ್ಲಿಷಲ್ಲಿ ಅದಕ್ಕೆ ಉದ್ದ ಹೆಸರಿದೆ, ನಮ್ಮತ್ತೆಗೆ ಅದು ಬಾಯಿಗೆ ಬರಲಿಲ್ಲ, ಅದಕ್ಕೇ ಇದು. ಆಟ ಸುಲಭ. ಒಬ್ಬ ನಡೆಸೋನು. ಅವನು, 'ನಿಮ್ಮ ಮುಂದೆ ಒಂದು ಗುಹೆ ಇದೆ, ಒಳಗೆ ಏನೋ ಉಸಿರಾಡ್ತಾ ಇದೆ' ಅಂತಾನೆ. ಮಿಕ್ಕವರು ಒಬ್ಬೊಬ್ಬ ಒಂದೊಂದು ವೇಷ, ಒಬ್ಬ ಕತ್ತಿ ಹಿಡಿಯೋನು, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಏನು ಮಾಡ್ತೀವಿ ಅಂತ ಬಾಯಲ್ಲಿ ಹೇಳೋದು. ಆಯ್ತಾ ಇಲ್ವಾ ಅನ್ನೋದನ್ನ ದಾಳ ಹೇಳುತ್ತೆ. ಬೋರ್ಡು ಬೇಡ, ಕರೆಂಟು ಬೇಡ. ಐವತ್ತು ವರ್ಷದಿಂದ ಪ್ರಪಂಚದಲ್ಲಿ ಇದನ್ನ ಆಡ್ತಾ ಇದಾರೆ, ಹತ್ತು ಹನ್ನೆರಡು ವರ್ಷಕ್ಕೊಂದು ಸಲ ರೂಲ್ಸೆಲ್ಲ ಬದಲಾಯಿಸಿ ಹೊಸ ಎಡಿಷನ್ ಬಿಡ್ತಾರೆ. ಅವಾಗ ಹಳೇದನ್ನ ಆಡೋರು ಹೊಸದನ್ನ ಆಡೋರಿಗೆ ಹೆಣ್ಣು ಕೊಡಲ್ಲ ಅನ್ನೋ ಮಟ್ಟಕ್ಕೆ ಹೋಗುತ್ತೆ.

ನಾವು ನಾಲ್ಕು ಜನ, ನಾಲ್ಕು ಎಡಿಷನ್.

ಮೊದಲನೇದು ಭಾವಂದು. ಭಾವ ಅಂದ್ರೆ ನನ್ನ ಹೆಂಡತಿ ಅಣ್ಣ, ಕೊಯಮತ್ತೂರು ನೂಲಿನ ಮಿಲ್ಲಲ್ಲಿ ಸ್ಟೋರ್ಸ್ ನೋಡ್ಕೊಂಡಿದ್ದು ರಿಟೈರ್ ಆದೋರು. ಪ್ರಾಯದಲ್ಲಿ ಅಲ್ಲಿನ ಉಕ್ಕಡಂ ಹಳೇ ಪುಸ್ತಕದ ಅಂಗಡೀಲಿ ರೇಡಿಯೋ ರಿಪೇರಿ ಪುಸ್ತಕ ಹುಡುಕ್ತಾ ಹೋಗಿ, ಅದು ಸಿಗದೆ ಕೆಂಪಟ್ಟೆ, ಅಂದ್ರೆ ಕೆಂಪು ರಟ್ಟಿನ, ತೆಳ್ಳನೆ ಪುಸ್ತಕ ಒಂದನ್ನ ತಂದ್ರು. ಅದೇ ಹಳೇ ಎಡಿಷನ್. ಅದರಲ್ಲಿ ನಿಮ್ಮ ವೇಷಕ್ಕೆ ನಾಲ್ಕು ಪಾಯಿಂಟ್ ಪ್ರಾಣ ಇರುತ್ತೆ, ಇಲಿ ಕಚ್ಚಿದ್ರೆ ಸಾಯ್ತೀರ. ಭಾವಂಗೆ ಅದೇ ಇಷ್ಟ. 'ಜೀವನ ಹಾಗೇ ಅಲ್ವಾ' ಅಂತಾರೆ. ಪೆನ್ಶನ್ ಬರ್ತಿರೋರು ಈ ಮಾತು ಹೇಳಿದ್ರೆ ಕೇಳೋಕೆ ಚೆನ್ನಾಗಿರುತ್ತೆ.

ಮೂರನೇ ಎಡಿಷನ್ ನಂದು. ನಾನು ಸಣ್ಣವನಿದ್ದಾಗ ಸ್ಕೂಲಿಗೆ ಹೋದೋನಲ್ಲ, ತರಿಗೆ ಹೋದೋನು. ಮೀಸೆ ಬಂದಮೇಲೆ ಟ್ಯುಟೋರಿಯಲ್ ಸೇರಿ ಹತ್ತನೇ ಕ್ಲಾಸ್ ಬರೆದೆ. ಇಂಗ್ಲಿಷ್ ಕೈಗೆ ಬಂದದ್ದು ಈ ಮೂರನೇ ಎಡಿಷನ್ ಓದಿ. ಎರಡನೇದು ಯಾಕಿಲ್ಲ ಅಂದ್ರೆ, ಅದು ನಮ್ಮ ಕಡೆ ಬರಲೇ ಇಲ್ಲ, ಪೊಳ್ಳಾಚಿ ರೋಡಲ್ಲೇ ಎಲ್ಲೋ ನಿಂತಿರಬೇಕು. ಮೂರನೇದರಲ್ಲಿ ಎಲ್ಲಾದಕ್ಕೂ ಲೆಕ್ಕ. ಮಳೇಲಿ ಹಗ್ಗ ಹತ್ತಿದ್ರೆ ಮೈನಸ್ ಇಷ್ಟು, ಹಗ್ಗಕ್ಕೆ ಗಂಟು ಹಾಕಿದ್ರೆ ಪ್ಲಸ್ ಇಷ್ಟು. ನನ್ನದು ಝೆರಾಕ್ಸ್ ಪ್ರತಿ. ಝೆರಾಕ್ಸ್ ಅಂಗಡಿಯವರು ಮಾತಾಡ್ತಾ ಮಾತಾಡ್ತಾ ಮಂತ್ರದ ಅಧ್ಯಾಯದಲ್ಲಿ ಒಂದು ಹಾಳೆ ಬಿಟ್ಟು ಒಂದು ಹಾಳೆ ತೆಗೆದಿದ್ರು. ಅದರಿಂದ ನಮ್ಮ ಮಂತ್ರವಾದಿಗಳಿಗೆ ಬೆಂಕಿ ಹಚ್ಚೋಕೆ ಬರ್ತಿತ್ತು, ಆರಿಸೋಕೆ ಬರ್ತಿರಲಿಲ್ಲ. ಹಾರೋಕೆ ಬರ್ತಿತ್ತು, ಇಳಿಯೋದು ಅವರವರ ಪುಣ್ಯ. ಬಹಳ ವರ್ಷ ಅದೇ ರೂಲ್ಸ್ ಅಂದ್ಕೊಂಡು ಆಡಿದ್ವಿ, ಯಾರಿಗೂ ತೊಂದರೆ ಆಗಲಿಲ್ಲ.

ನಾಲ್ಕನೇದು ನನ್ನ ದೋಸ್ತಂದು. ಟ್ಯುಟೋರಿಯಲಲ್ಲಿ ನನ್ನ ಪಕ್ಕ ಕೂತು ನನ್ನ ಜೊತೆಗೇ ಗಣಿತದಲ್ಲಿ ಫೇಲ್ ಆದೋನು. ಅವರ ಮನೆಯೋರೂ ಕನ್ನಡದೋರೇ, ಬೇಸಾಯ ಮಾಡ್ತಿದ್ದೋರು, ಈಗ ಕಾಂಗೇಯದಲ್ಲಿ ತೆಂಗಿನೆಣ್ಣೆ ಮಿಲ್ಲು ಇಟ್ಟಿದಾರೆ. ಅವನನ್ನ ನಾವು ಎಣ್ಣೆ ಅಂತೀವಿ. ನಾಲ್ಕನೇ ಎಡಿಷನ್ ಅಂದ್ರೆ ಪ್ರಪಂಚದಲ್ಲೇ ಯಾರಿಗೂ ಆಗಲ್ಲ. ಎಲ್ಲಾ ಚೌಕ ಚೌಕ, ನೆಲದ ಮೇಲೆ ಗೊಂಬೆ ಇಟ್ಟು 'ನಾನು ಇವನನ್ನ ಮೂರು ಚೌಕ ತಳ್ತೀನಿ' ಅನ್ನೋ ಥರ. ಇವನಿಗೆ ಕೊಬ್ಬರಿ ಒಣಗಿಸೋ ಕಣದಲ್ಲಿ ಚೌಕ ನೋಡಿ ನೋಡಿ ಅಭ್ಯಾಸ, ಅದಕ್ಕೇ ಒಗ್ಗಿತು. ತೆಂಗಿನ ಚಿಪ್ಪಲ್ಲಿ ಗೊಂಬೆಗಳನ್ನ ಅವನೇ ಕೆತ್ತಿದಾನೆ, ಎಲ್ಲಾ ಒಂದೇ ಥರ ಇದಾವೆ, ಡ್ರ್ಯಾಗನ್ನಿಗೂ ಮೂರು ಕಣ್ಣು.

ಐದನೇದು ಮೈದುನಂದು, ನನ್ನ ಹೆಂಡತಿ ತಮ್ಮ. ತಿರುಪ್ಪೂರಲ್ಲಿ ಬನಿಯನ್ ಎಕ್ಸ್‌ಪೋರ್ಟ್ ಕಂಪನೀಲಿ ಮರ್ಚಂಡೈಸರ್. ಅಂದ್ರೆ ಫಾರಿನ್ ಬೈಯರ್ ಉಗಿದಿದ್ದನ್ನ ಟೈಲರ್‌ಗೆ ತಲುಪಿಸೋದು, ಟೈಲರ್ ಉಗಿದಿದ್ದನ್ನ ಬೈಯರ್‌ಗೆ ತಲುಪಿಸದೆ ಇರೋದು. ಐದನೇದೇ ಒಂದು ಸಲ ತಂದ, ಆಮೇಲೆ ಅದನ್ನೇ ತಿದ್ದಿ ಹೊಸ ಅಟ್ಟೆ ಹಾಕಿ ಬಿಟ್ಟಿದ್ದನ್ನೂ ತಂದ. ಮೂರು ದಪ್ಪ ಪುಸ್ತಕ, ಹೊಳೆಯೋ ಕಾಗದ, ಬೈಯರ್ ಒಬ್ಬರು ಗಿಫ್ಟ್ ಕೊಟ್ಟಿದ್ದು.

"ಹಳೇದಕ್ಕೂ ಇದಕ್ಕೂ ಏನ್ ವ್ಯತ್ಯಾಸ?" ಅಂದ್ರು ಭಾವ.

"ಅಣ್ಣಾ, ಇದು ಬ್ಯಾಲೆನ್ಸ್ಡ್."

"ಅಂದ್ರೆ?"

"ಯಾರೂ ಸಾಯಲ್ಲ."

"ಸಾಯದೆ ಇದ್ರೆ ತರ್ಪಣ ಯಾರಿಗೆ ಬಿಡ್ಲಿ?" ಅಂದು ಭಾವ ಪುಸ್ತಕ ವಾಪಸ್ ಕೊಟ್ರು.

ಯಾವ ಎಡಿಷನ್ ಒಳ್ಳೇದು ಅಂತ ನಾವು ಜಗಳ ಆಡಿರೋವಷ್ಟು ಆಟ ಆಡಿಲ್ಲ. ಒಂದು ಮಾತ್ರ ನಾನು ನೋಡಿದೀನಿ. ಯಾರಿಗೆ ಯಾವ ಎಡಿಷನ್ ಇಷ್ಟ ಅಂದ್ರೆ, ಮದುವೆಗೆ ಮುಂಚೆ ಆಡಿದ್ದು. ಭಾವಂಗೆ ಕೆಂಪಟ್ಟೆ ಹಿಡಿದಾಗ ತಲೆ ತುಂಬ ಕೂದಲಿತ್ತು. ಮೈದುನಂಗೆ ಇನ್ನೂ ಮದುವೆ ಆಗಿಲ್ಲ, ಅದಕ್ಕೇ ಅವನಿಗೆ ಈಗಿಂದೇ ಚೆಂದ.

ಇನ್ನು ಅತ್ತೆ. ಪಡಸಾಲೆ ಅವರದು, ಅದರಿಂದ ಅವರ ರೂಲ್ಸೂ ಇದೆ. ಶುರುವಲ್ಲೇ ಒಂದು ದಿನ ಭಾವ, 'ಅವನ ತಲೆ ಉರುಳ್ತು, ರಕ್ತ ಗೋಡೆಗೆ ಹಾರ್ತು' ಅಂತ ರಾಗವಾಗಿ ಹೇಳ್ತಿದ್ದಾಗ ಅತ್ತೆ ಒಳಗಿಂದ ದೋಸೆ ಮಗುಚೋ ಸಟ್ಟುಗ ಹಿಡ್ಕೊಂಡೇ ಬಂದ್ರು.

"ಅಮಾಸೆ ದಿನ ನಾನು ಮನೇಲಿ ಮೊಟ್ಟೆ ಒಡೆಯಲ್ಲ. ನೀವು ತಲೆ ಒಡೀತಾ ಇದೀರಾ?"

"ಅಮ್ಮಾ, ಅದು ಬಾಯಲ್ಲಿ ಅಷ್ಟೇ."

"ಬಾಯಲ್ಲೇ ಬೇಡ ಅಂತಿರೋದು."

ಅವತ್ತಿಂದ ನಮ್ಮ ಆಟದಲ್ಲಿ ಕೊಲ್ಲಂಗಿಲ್ಲ. ಯಾವ ಎಡಿಷನ್ ಆಗ್ಲಿ, ಹೊಡೆದು ಕೆಡವಿ ಕಟ್ಟಿ ಹಾಕೋದು ಅಷ್ಟೇ. ಬೇರೆ ದೇಶದಲ್ಲಿ ಇದನ್ನ ಹೆಂಗೆ ಆಡ್ತಾರೋ ಗೊತ್ತಿಲ್ಲ. ಇಲ್ಲಿ ಎಲ್ಲಾರೂ ಸೊಂಟಕ್ಕೆ ಹಗ್ಗ ಸುತ್ಕೊಂಡೇ ಗುಹೆಗೆ ಹೋಗ್ತೀವಿ.

ಆಡಿ ಮಾಸ, ಅಂದ್ರೆ ತಮಿಳರ ಆಷಾಢ, ಮುಗಿಯೋ ಹೊತ್ತಿಗೆ ಮೈದುನ ವಿಷಯ ಎತ್ತಿದ. ಅವನಿಗೆ ಅಮಾವಾಸ್ಯೆ ರಜ ಇಲ್ಲ. ಪ್ರತಿ ತಿಂಗಳೂ ಆಫೀಸಿಗೆ 'ಅಪ್ಪಂಗೆ ತರ್ಪಣ' ಅಂತ ಹೇಳಿ ಬರ್ತಿದ್ದ. ತರ್ಪಣ ನಿಜಾನೇ, ಭಾವ ಬೆಳಗ್ಗೆ ಕಾಫಿಗೆ ಮುಂಚೆ ಬಿಟ್ಟು ಮುಗಿಸ್ತಿದ್ರು, ಇವನು ಪಕ್ಕದಲ್ಲಿ ಚೊಂಬು ಹಿಡ್ಕೊಂಡು ನಿಲ್ತಿದ್ದ. ಮಿಕ್ಕಿದ್ದೆಲ್ಲ ಆಟ. ಆಫೀಸಲ್ಲಿ ಇವನಂಥ ಪಿತೃಭಕ್ತ ಇಲ್ಲ ಅಂತ ಹೆಸರು ಬಂದಿತ್ತು, ಎರಡು ಜಾತಕ ಬೇರೆ ಬಂದಿದ್ವು. ಈಗ ಹೊಸ ಮ್ಯಾನೇಜರ್, ಅವರಿಗೆ ಅನುಮಾನ.

"ಭಾನುವಾರ ಮಾಡಣ," ಅಂದ. "ತಿರುಪ್ಪೂರಲ್ಲಿ ನನ್ನ ರೂಮಲ್ಲಿ. ಏಸಿ ಇದೆ. ವಾರ ವಾರ ಆಡಬಹುದು. ಹೊಸ ಎಡಿಷನ್, ಎಲ್ಲಾರಿಗೂ ಟ್ಯಾಬಲ್ಲಿ ಹಾಕ್ಕೊಡ್ತೀನಿ."

ಎಣ್ಣೆ, "ನಂಗೆ ಭಾನುವಾರ ಮಿಲ್ ರಜಾನೇ ಡಾ," ಅಂದ.

ಭಾವ, "ನಂಗೆ ದಿನಾ ಭಾನುವಾರ," ಅಂದ್ರು.

ಮೂರು ಜನವೂ ನನ್ನ ಮುಖ ನೋಡಿದ್ರು. ಭಾನುವಾರ ನಂಗೆ ತರಿ ಓಡುತ್ತೆ. ನಿಲ್ಲಿಸಿದ್ರೆ ಪಾವು ಕೊಟ್ಟ ಯಜಮಾನ, ಅಂದ್ರೆ ಹಾಸು ನೂಲು ಸುತ್ತಿ ನೇಯೋಕೆ ಕೊಟ್ಟೋರು, ಮುಂದಿನ ಸಲ ಬೇರೆಯೋರಿಗೆ ಕೊಡ್ತಾರೆ. ಭಾನುವಾರ ಆದ್ರೆ ನಂಗೆ ಆಟ ಇಲ್ಲ. ಇಷ್ಟು ಹೇಳಿದ್ರೆ ಮುಗೀತು. ಆದ್ರೆ ನಾನು ಆ ಮನೆ ಅಳಿಯ. ನಮ್ಮಲ್ಲಿ ಅಳಿಯ ಅತ್ತೆ ಮನೇಲಿ ಬಾಯಿಬಿಟ್ಟು ಏನೂ ಕೇಳಂಗಿಲ್ಲ. ಸಾಂಬಾರ್ ಬೇಕು ಅಂದ್ರೂ ಕೇಳಂಗಿಲ್ಲ, ಅವರೇ ಎಲೆ ನೋಡಿ ಬಡಿಸಬೇಕು. ಬಡಿಸದೆ ಇದ್ರೆ ಒಣ ಅನ್ನ ತಿಂದು 'ಜೋರಾಗಿತ್ತು' ಅನ್ನಬೇಕು. ಮದುವೆಯಾದ ವಾರ ಹಾಗೇ ತಿಂದಿದೀನಿ. ಈ ವಯಸ್ಸಲ್ಲಿ 'ನನ್ನನ್ನ ಬಿಟ್ಟು ಆಡಬೇಡಿ' ಅಂತ ಮೈದುನನ್ನ ಕೇಳೋದಾ?

"ನಿಮ್ಮಿಷ್ಟ," ಅಂದೆ. "ನಂಗೇನು."

"ನೋಡಿ, ಮಾಮಾನೇ ಒಪ್ಪಿದ್ರು," ಅಂದ ಮೈದುನ. ಅಕ್ಕನ ಗಂಡಂಗೆ ನಮ್ಮ ಕಡೆ ಮಾಮಾ ಅಂತಾರೆ.

ಭಾವ ಒಂದು ಷರತ್ತು ಹಾಕಿದ್ರು. ಅವರಿಗೆ ಹೊಸ ಎಡಿಷನ್ ಮೇಲೆ ನಂಬಿಕೆ ಇಲ್ಲ. ಮುಂದಿನ ಅಮಾವಾಸ್ಯೆ ಒಂದು ದಿನ ಅದರಲ್ಲೇ ಆಡಿ ನೋಡಣ, ಚೆನ್ನಾಗಿದ್ರೆ ಅಲ್ಲಿಂದ ಭಾನುವಾರ, ಅಂದ್ರು. ಸ್ಯಾಂಪಲ್ ನೋಡದೆ ಆರ್ಡರ್ ಇಲ್ಲ ಅಂತ ತಿರುಪ್ಪೂರಿನವನಿಗೇ ಹೇಳಿದ್ರು. ಅವನು ಇಲ್ಲ ಅನ್ನೋಕೆ ಆಗಲಿಲ್ಲ.

ಆ ಒಂದು ತಿಂಗಳು ನಾನು ತರಿ ಮುಂದೆ ನಿಂತು ದಿನಾ ಅಂದ್ಕೊಂಡೆ, ಹೊಸ ಎಡಿಷನ್ ಕೆಟ್ಟದಾಗಿರಲಿ ದೇವರೇ ಅಂತ. ಹೆಂಡತಿ, "ತಮ್ಮಂಗೆ ನಾನು ಹೇಳ್ಲಾ?" ಅಂದ್ಲು. "ಏನೂ ಬೇಡ, ಆಟ ಒಂದು ದೊಡ್ಡ ವಿಷಯನಾ," ಅಂದೆ. ಅವಳು ನಕ್ಕಳು. ಒಂದೊಂದು ಸಲ ಹೆಂಡತಿ ನಗದೆ ಇದ್ರೆ ಒಳ್ಳೇದು.

ಅಮಾವಾಸ್ಯೆ ಬಂತು. ತರ್ಪಣ ಆಯ್ತು, ವಡೆ ಪಾಯಸ ಆಯ್ತು, ಬಟ್ಟೆ ಮಡಿಸೋ ಮೇಜು ಎಳೆದು ಕೂತ್ವಿ. ನಡೆಸೋನು ಮೈದುನ. ಮೂರು ಪುಸ್ತಕ, ಟ್ಯಾಬು, ನಾವು ಅವನ ದಾಳ ನೋಡಬಾರದು ಅಂತ ಮುಂದೆ ಅಡ್ಡ ಅಟ್ಟೆ. ಗುಹೆ ಒಳಗೆ ಹಸಿರು ಕುಳ್ಳರ ಗುಂಪು. ಚೂಪು ಕಿವಿ, ಕೊಳಕು ಹಲ್ಲು, ಯಾವ ಎಡಿಷನಲ್ಲೂ ಮೊದಲು ಏಟು ತಿನ್ನೋರು ಅವರೇ. ಹೊಸ ಎಡಿಷನಲ್ಲಿ ಹೊಡೆಯೋದು ಏನ್ ಸುಲಭ ಅಂತೀರಾ. ಸಾಯಿಸ್ತೀರಾ, ಮೂರ್ಛೆ ಬೀಳಿಸ್ತೀರಾ ಅಂತ ಅದೇ ಕೇಳುತ್ತೆ. ನಾವು ಎಲ್ಲಾರನ್ನೂ ಮೂರ್ಛೆ ಬೀಳಿಸಿದ್ವಿ. ಕಟ್ಟಿ ಹಾಕಿದ್ವಿ. ಹೇಳಬಾರದು, ಆದ್ರೂ ಚೆನ್ನಾಗಿತ್ತು. ಭಾನುವಾರ ಖಾತ್ರಿ ಆಯ್ತು ಅಂದ್ಕೊಂಡೆ.

ಅತ್ತೆ ಎರಡನೇ ಒಬ್ಬೆ ವಡೆ ತಂದು ಒಬ್ಬೊಬ್ಬರ ಮುಂದೂ ಬಾಳೆಲೆ ಚೂರಲ್ಲಿ ಇಟ್ರು. ಚಿಪ್ಪಿನ ಗೊಂಬೆಗಳನ್ನ ಗೋಡೆ ಕಡೆ ಸಾಲಾಗಿ ಒರಗಿಸಿದ್ದನ್ನ ನೋಡಿದ್ರು.

"ಇವರನ್ನ ಏನ್ ಮಾಡ್ತೀರಾ?"

"ಕಟ್ಟಿ ಹಾಕಿದೀವಿ ಅಮ್ಮಾ, ಕೊಂದಿಲ್ಲ," ಅಂದ ಮೈದುನ ಹೆಮ್ಮೆಯಿಂದ.

"ಅದು ಗೊತ್ತು. ಊಟಕ್ಕೆ?"

ಇಷ್ಟು ವರ್ಷ ಕಟ್ಟಿ ಹಾಕಿದೋರನ್ನ ಅಲ್ಲೇ ಬಿಟ್ಟು ಮುಂದಿನ ಗುಹೆಗೆ ಹೋಗಿದ್ವಿ. ಹಂಗೆ ಎಷ್ಟು ಗುಹೇಲಿ ಎಷ್ಟು ಜನ ಹಗ್ಗದಲ್ಲೇ ಇದಾರೋ.

ಮೈದುನ ಮೂರು ಪುಸ್ತಕ ತಿರುವಿದ. "ಇದರಲ್ಲಿ ಅದಕ್ಕೆ ರೂಲ್ ಇದ್ದಂಗೆ ಕಾಣಲ್ಲ."

ಭಾವ ಕಾಯ್ತಿದ್ದೋರ ಥರ ಜೇಬಿಂದ ಕೆಂಪಟ್ಟೆ ತೆಗೆದ್ರು. "ಇದರಲ್ಲಿದೆ. ಕೆಲಸಕ್ಕೆ ಆಳು ಇಟ್ಕೊಳ್ಳೋದು. ಕೂಲಿ, ನಿಯತ್ತು, ಎಲ್ಲಾ."

"ಹಂಗಾದ್ರೆ ಕೆಲಸಕ್ಕೆ ಇಟ್ಕೊಳ್ಳಣ," ಅಂದ ಎಣ್ಣೆ. "ಸುಮ್ನೆ ಕೂತು ತಿನ್ನೋಕೆ ಆಗುತ್ತಾ?"

"ಏನ್ ಕೆಲಸ?"

ನಾಲ್ಕು ಜನಕ್ಕೂ ಗೊತ್ತಿರೋದು ಏನು, ಅದೇ ಕೆಲಸ. ಗುಹೇಲಿ ಬನಿಯನ್ ಯೂನಿಟ್ ಹಾಕಿದ್ವಿ.

ಆಮೇಲೆ ನಡೆದದ್ದನ್ನ ಆಟ ಅನ್ನೋಕೆ ನಂಗೆ ಧೈರ್ಯ ಇಲ್ಲ. ಎಣ್ಣೆ ಚೌಕದ ಹಾಳೆ ಹರಡಿ ಕುಳ್ಳರಿಗೆ ಹಾಸ್ಟೆಲ್ ಬರೆದ, ಒಬ್ಬರಿಗೆ ಒಂದು ಚೌಕ, ಮೇಲೊಂದು ಕೆಳಗೊಂದು ಮಂಚ. ನಾಲ್ಕನೇ ಎಡಿಷನ್ ಹುಟ್ಟಿದ್ದೇ ಇದಕ್ಕೆ ಅನ್ನೋ ಹಂಗೆ ಮುಖ ಮಾಡಿದ್ದ. ಓವರ್‌ಟೈಮ್ ಲೆಕ್ಕ ನಂಗೆ ಕೊಟ್ರು, ಮೂರನೇ ಎಡಿಷನ್ ಲೆಕ್ಕದ್ದಲ್ವಾ ಅಂತ. ತೆಗೆದು ನೋಡಿದ್ರೆ ದಣಿವಿನ ಪಟ್ಟಿ ಇರಬೇಕಾದ ಹಾಳೇನೇ ಝೆರಾಕ್ಸ್ ಆಗಿರಲಿಲ್ಲ. ಅದರಿಂದ ನಮ್ಮ ಕುಳ್ಳರಿಗೆ ದಣಿವಿಲ್ಲ ಅಂತ ತೀರ್ಮಾನ ಆಯ್ತು. "ಊರಲ್ಲೂ ಆ ಹಾಳೆ ಯಾರ ಹತ್ರಾನೂ ಇಲ್ಲ ಬಿಡು," ಅಂದ್ರು ಭಾವ.

ಮೈದುನ ಮೊದಲು, 'ಇದು ಸಾಹಸದ ಆಟ ರೀ, ಡ್ರ್ಯಾಗನ್ ಕಾಯ್ತಾ ಇದೆ' ಅಂತ ಗೋಳಾಡ್ತಿದ್ದ. ಎಣ್ಣೆ ಕುತ್ತಿಗೆ ಪಟ್ಟಿ ಹೊಲಿಯೋ ಕಡೆ ಒಬ್ಬನನ್ನೇ ಕೂರಿಸಿದ್ದನ್ನ ನೋಡಿ ಅವನಿಗೆ ತಡೆಯೋಕೆ ಆಗಲಿಲ್ಲ.

"ಅಲ್ಲ ಡಾ, ಲೈನ್ ಬ್ಯಾಲೆನ್ಸ್ ಬೇಡ್ವಾ? ಅಲ್ಲಿ ಇನ್ನಿಬ್ಬರನ್ನ ಹಾಕು. ಚೆಕ್ಕಿಂಗ್ ಎಲ್ಲಿ? ಊರಿಂದ ಬರೋರಿಗೆ ಬಸ್ ಎಲ್ಲಿ?"

"ಅವರು ಗುಹೇಲೇ ಹುಟ್ಟಿದೋರು ಕಣೋ."

"ಹೌದಲ್ಲ. ಹಂಗಾದ್ರೆ ಬಸ್ ಖರ್ಚು ಉಳೀತು."

ಕೊನೆಗೆ ಡ್ರ್ಯಾಗನ್ ಬಂತು. ಕಂದು ರೆಕ್ಕೆ, ಮೂರು ಕಣ್ಣು. ಮೈದುನ ಗಂಟಲು ದಪ್ಪ ಮಾಡ್ಕೊಂಡು ಘರ್ಜಿಸಬೇಕಿತ್ತು. ಆದ್ರೆ ಅಷ್ಟು ಹೊತ್ತಿಂದ ಯೂನಿಟ್ ನಡೆಸಿದ ಬಾಯಿ, ಬೇರೆ ಏನೋ ಬಂತು.

"ನಾನು ಬೈಯರ್ ಕಡೆಯಿಂದ ಆಡಿಟ್ಟಿಗೆ ಬಂದಿದೀನಿ," ಅಂತು ಡ್ರ್ಯಾಗನ್. "ಬೆಂಕಿ ಬಿದ್ರೆ ಓಡೋಕೆ ದಾರಿ ಎಲ್ಲಿದೆ?"

"ಬೆಂಕಿ ಉಗುಳೋನೇ ನೀನಲ್ವಾ ಡಾ!" ಅಂದ ಎಣ್ಣೆ.

"ಅದಕ್ಕೇ ಕೇಳ್ತಿರೋದು."

ಭಾವ ನಕ್ಕು ನಕ್ಕು ಟವಲಲ್ಲಿ ಕಣ್ಣು ಒರೆಸ್ಕೊಂಡ್ರು. ಡ್ರ್ಯಾಗನ್ ಬಿಡಲಿಲ್ಲ. ಆಡಿಟ್ ಅಂದ್ರೆ ಒಂದು ಪದ್ಧತಿ ಇದೆಯಂತೆ, ಒಬ್ಬ ಕೆಲಸಗಾರನನ್ನ ಪಕ್ಕಕ್ಕೆ ಕರೆದು, ಮಾಲೀಕ ಇಲ್ಲದೆ, ನೇರ ಕೇಳೋದು. ಏನು ಹೇಳಬೇಕು ಅಂತ ಹಿಂದಿನ ದಿನವೇ ಪಾಠ ಮಾಡಿರ್ತಾರೆ, ಅದೂ ಪದ್ಧತೀನೇ. ಮೈದುನ ಚಿಪ್ಪಿನ ಸಾಲಲ್ಲಿ ಒಂದು ಕುಳ್ಳನನ್ನ ಎತ್ತಿ ನನ್ನ ಮುಂದೆ ಇಟ್ಟ.

"ಇವನ ಮಾತು ಮಾಮಾ ಆಡ್ಲಿ. ಏನಪ್ಪಾ ಕುಳ್ಳ, ಕೆಲಸ ಹೆಂಗಿದೆ?"

"ಚೆನ್ನಾಗಿದೆ ಸಾಮಿ," ಅಂದೆ. ಪಾಠ ಆಗಿರೋ ಕುಳ್ಳ ಇನ್ನೇನು ಹೇಳ್ತಾನೆ.

"ಊಟ?"

"ಹೊಟ್ಟೆ ತುಂಬ ಸಾಮಿ."

"ವಾರದ ರಜ ಯಾವತ್ತು?"

"ಅಮಾವಾಸ್ಯೆ," ಅಂದೆ.

"ವಾರದ ರಜ ಕೇಳಿದ್ದು. ತಿಂಗಳದ್ದಲ್ಲ."

"ನಮಗೆ ಅದೊಂದೇ ಸಾಮಿ."

"ಭಾನುವಾರ?"

"ಭಾನುವಾರ ತರಿ ಓಡುತ್ತೆ. ಮಿಕ್ಕವರೆಲ್ಲ ಭಾನುವಾರ ಆಡ್ತಾರಂತೆ. ನಾವು ತರಿ ಸದ್ದಲ್ಲೇ ಇರ್ತೀವಿ. ಪರವಾಗಿಲ್ಲ ಸಾಮಿ, ಅದನ್ನ ಬರ್ಕೋಬೇಡಿ."

ನಾನು ಇಷ್ಟು ಹೇಳಬೇಕು ಅಂತ ಇರಲಿಲ್ಲ. ಕುಳ್ಳನ ದನಿ ಮಾಡ್ಕೊಂಡು ಹೇಳ್ತಾ ಹೇಳ್ತಾ ದನಿ ಎಲ್ಲೋ ನಂದೇ ಆಗಿಹೋಯ್ತು. ಎಣ್ಣೆ ವಡೆ ಅಗಿಯೋದನ್ನ ನಿಲ್ಲಿಸಿದ. ಅತ್ತೆ ಬಾಗಿಲಲ್ಲಿ ನಿಂತಿದ್ರು, ಯಾವಾಗ ಬಂದ್ರೋ. ನೇರ ಬಂದು ನನ್ನ ಎಲೆ ಮೇಲೆ, ನಾನು ಕೇಳದೇನೇ, ಎರಡು ವಡೆ ಇಟ್ಟು ಹೋದ್ರು.

ಮೈದುನ ಅಡ್ಡ ಅಟ್ಟೆ ಹಿಂದೆ ಪುಸ್ತಕ ಮುಚ್ಚಿಟ್ಟ. ಆಮೇಲೆ ಡ್ರ್ಯಾಗನ್ ದನೀಲೇ ಹೇಳ್ದ: "ಆಡಿಟ್ ಪಾಸ್. ಒಂದು ಕಂಡೀಷನ್. ಅಮಾವಾಸ್ಯೆ ರಜ ಈಗ ಇದ್ದಂಗೇ ಇರಬೇಕು. ಬೇರೆ ದಿನ ಯಾವ ಕುಳ್ಳನನ್ನೂ ಬಿಟ್ಟು ಯಾರೂ ಏನೂ ಮಾಡಂಗಿಲ್ಲ. ಮಾಡಿದ್ರೆ ಆರ್ಡರ್ ಕ್ಯಾನ್ಸಲ್."

"ಹಂಗಾದ್ರೆ ಭಾನುವಾರ?" ಅಂದ ಎಣ್ಣೆ. ಅವನಿಗೆ ಎಲ್ಲಾದನ್ನೂ ಬಿಡಿಸಿ ಹೇಳಬೇಕು.

"ಭಾನುವಾರ ನಾನು ಬಟ್ಟೆ ಒಗೀತೀನಿ ಡಾ," ಅಂದ ಮೈದುನ.

ನಾನು ವಡೆ ತಿಂದೆ. ಬಾಯಿ ತುಂಬಿದ್ದದ್ದು ಒಳ್ಳೇದೇ ಆಯ್ತು.

ಸ್ಯಾಂಪಲ್ ಪಾಸಾ ಫೇಲಾ ಅಂತ ಭಾವಂಗೂ ಮೈದುನಂಗೂ ಇನ್ನೂ ಜಗಳ ಇದೆ. ಹೊಡೆದದ್ದು ನನ್ನ ಎಡಿಷನಲ್ಲಿ ಅಂತಾನೆ ಇವನು, ಕೂಲಿ ಕೊಟ್ಟದ್ದು ನನ್ನ ಎಡಿಷನಲ್ಲಿ ಅಂತಾರೆ ಅವರು. ಕುಳ್ಳರ ಯೂನಿಟ್ ಓಡ್ತಾ ಇದೆ. ಹೋದ ತಿಂಗಳು ಎರಡನೇ ಶಿಫ್ಟ್ ಶುರು ಮಾಡಿದೀವಿ, ನಿಧಿ ಹುಡುಕೋಕೆ ಟೈಮ್ ಸಿಕ್ಕಿಲ್ಲ.

ಆಡಿಟ್ ಆದ ಅವತ್ತೇ ಸಾಯಂಕಾಲ ಕಾಫಿ ಕುಡೀತಾ ಮೈದುನ ಫೋನ್ ತೆಗೆದ. ಮುಂದಿನ ಅಮಾವಾಸ್ಯೆಗೆ ಈಗಲೇ ಲೀವ್ ಹಾಕಬೇಕಂತೆ.

"ಅಣ್ಣಾ, ಅಪ್ಪ ಅಂತ ಬರೆದ್ರೆ ಹೊಸ ಮ್ಯಾನೇಜರ್ ನಂಬ್ತಾ ಇಲ್ಲ. ಈ ಸಲ ಯಾರಿಗೆ ತರ್ಪಣ ಅಂತ ಹಾಕ್ಲಿ?"

ಭಾವ ಕಾಫಿ ಆರಿಸ್ತಾ ಸ್ವಲ್ಪ ಯೋಚನೆ ಮಾಡಿದ್ರು.

"ನಾಲ್ಕನೇ ಎಡಿಷನ್ನಿಗೆ ಹಾಕು. ಪಾಪ, ಅದಕ್ಕೆ ಎಳ್ಳು ನೀರು ಬಿಡೋರು ಯಾರೂ ಇಲ್ಲ."

ಎಣ್ಣೆ ಸಿಟ್ಟಲ್ಲಿ ಗೊಂಬೆಗಳನ್ನ ಚೀಲಕ್ಕೆ ತುಂಬಿಕೊಂಡು ಎದ್ದ. ಬಾಗಿಲ ತನಕ ಹೋಗಿ, ತಿರುಗಿ, ನನ್ನ ಮುಂದೆ ಇದ್ದ ಆ ಒಂದು ಕುಳ್ಳನನ್ನ ನೋಡಿದ.

"ಇವನು ಇಲ್ಲೇ ಇರ್ಲಿ," ಅಂದ. "ಇವನಿಗೆ ಬರೋ ಅಮಾವಾಸ್ಯೆವರೆಗೂ ರಜ."